ಮೆಟ್ಟಿಲ ಕೆಳಗಿನ ಚಪ್ಪಲಿಗಳು

ತಂಗೀ,

ಬಂದರಿನವರೆಗೆ ಕ್ಷೇಮವಾಗಿ ಬಂದೆವು. ಮುಂದಿನದು ಹಡಗಿನ ಪಾಲು. ನಿನ್ನ ಭಾವನ ಜಿಪುಣತನ ಗೊತ್ತೇ ಇದೆಯಲ್ಲ, ಸಮುದ್ರ ಕಾಣುವ ಹೋಟೆಲುಗಳನ್ನೆಲ್ಲ ಬಿಟ್ಟು ಗೋದಾಮುಗಳ ಹಿಂದಿನ ಸಂದಿಯಲ್ಲಿ ಅಗ್ಗದ್ದೊಂದನ್ನು ಹುಡುಕಿದರು. "ಒಂದು ರಾತ್ರಿಗೆ ಇದೇ ಧಾರಾಳ" ಅಂತೆ! ಕಿಟಕಿ ತೆರೆದರೆ ಎದುರಿಗೆ ಗೋಡೆ.

ಇಲ್ಲೊಂದು ವಿಚಿತ್ರ ರೂಢಿಯಿದೆ. ಬೂಟು ಹಾಕಿಕೊಂಡು ಹಡಗು ಹತ್ತುವವರು ತಮ್ಮ ಹಳೆಯ ಚಪ್ಪಲಿಯನ್ನು ಈ ಹೋಟೆಲಿನ ಮೆಟ್ಟಿಲ ಕೆಳಗೆ ಬಿಟ್ಟು ಹೋಗುತ್ತಾರೆ. ಸಾಲುಸಾಲಾಗಿ ಧೂಳು ಹಿಡಿದು ಕೂತಿವೆ. "ಇವನ್ನ ಯಾರೂ ತಗೊಂಡು ಹೋಗಲ್ವಾ?" ಎಂದು ಹೋಟೆಲಿನ ಯಜಮಾನಿಯನ್ನು ಕೇಳಿದೆ. "ವಾಪಸ್ ಬಂದೋರು ಹಾಕ್ಕೊಂಡು ಹೋಗ್ತಾರಮ್ಮ. ಇವೆಲ್ಲ ಬರದೇ ಇದ್ದೋರದ್ದು" ಎಂದಳು, ಕಸ ಗುಡಿಸುತ್ತಲೇ.

ಕೊನೆಯ ಸಾಲಿನಲ್ಲಿ ನಿನ್ನ ಭಾವನ ಚಪ್ಪಲಿ ಇತ್ತು ಕಣೇ. ನೀನು ಕೆಂಪು ದಾರದಲ್ಲಿ ಸೊಟ್ಟಸೊಟ್ಟಗೆ ಹೊಲಿದುಕೊಟ್ಟ ಅದೇ ಬಾರು. ಮೇಲೆ ಬೆರಳಲ್ಲಿ ಬರೆಯುವಷ್ಟು ಧೂಳು. ಕೋಣೆಗೆ ಓಡಿ ನೋಡಿದರೆ ಅದೇ ಚಪ್ಪಲಿ ಅವರ ಕಾಲಲ್ಲೂ ಇದೆ! ಹೇಳಿದ್ದಕ್ಕೆ "ನಿಂಗೆ ಪಿತ್ತ ನೆತ್ತಿಗೇರಿದೆ" ಎಂದು ನಕ್ಕರು. ಮತ್ತೆ ಕೆಳಗೆ ಬಂದೆ. ಆ ಜೋಡಿಯ ಪಕ್ಕದಲ್ಲಿ ಇನ್ನೊಂದು ಜೋಡಿಗೆ ಆಗುವಷ್ಟು ಜಾಗವನ್ನು ಯಜಮಾನಿ ಗುಡಿಸಿಟ್ಟಿದ್ದಳು.

ನನ್ನ ಮಂಡಿನೋವು ಪರವಾಗಿಲ್ಲ, ಮಾತ್ರೆ ಸಾಕಷ್ಟಿದೆ. ಹಡಗು ಕೂಗುತ್ತಿದೆ, ನಿನ್ನ ಭಾವ ಅವಸರ ಮಾಡುತ್ತಿದ್ದಾರೆ. ಹೊರಡೋಣವೆಂದರೆ ಕೋಣೆಯ ಬಾಗಿಲಲ್ಲಿ ಬಿಟ್ಟಿದ್ದ ನನ್ನ ಚಪ್ಪಲಿ ಕಾಣುತ್ತಿಲ್ಲ.

ನಿನ್ನ ಅಕ್ಕ