ನಾಲ್ಕನೇ ವರ್ಗದ ಕುರ್ಚಿ

ಶರೀಫಸಾಬ ಮಾಸ್ತರ್ರ,

ನೀವು ತೀರಿಕೊಂಡಾಗ ಯಮನೂರಾಗ ನಿಮ್ಮ ಮಣ್ಣಿಗೆ ನಾ ಬಂದು ಎರಡು ವರ್ಷಾತು. ಆದ್ರೂ ಇವತ್ತಿನ ಸುದ್ದಿ ನಿಮಗ ಹೇಳಬೇಕು.

ಇವತ್ತ ಸಾಲಿಗೆ ತಪಾಸಣಿ ಸಾಹೇಬ್ರು ಬಂದಿದ್ರು. ನಮ್ಮ ಪದ್ಧತಿ ನಿಮಗ ಗೊತ್ತ ಐತಿ. ಸಾಹೇಬ್ರು ಮಾಸ್ತರ ಕುರ್ಚಿ ಮ್ಯಾಲೆ ಕೂಡೋದು, ಮಾಸ್ತರು ಬಾಜೂಕ ಕೈಕಟ್ಟಿ ನಿಲ್ಲೋದು. ನಿಮ್ಮ ನಾಲ್ಕನೇ ವರ್ಗಕ್ಕ ಈಗ ಕಲಸೋ ನೇತ್ರಾ ಅಕ್ಕಾರು ಹಂಗ ನಿಂತಿದ್ರು. ಹುಡುಗರು ಓದೂವಾಗ ತಡವರಿಸಿದ್ರು. ಸಾಹೇಬ್ರು ಅವರ ಮುಂದನ ಅಕ್ಕಾರಿಗೆ, "ನಿಮಗರ ಓದಾಕ ಬರ್ತೈತಿಲ್ಲೋ?" ಅಂದ್ರು.

ಹದಿನೈದು ದಿನ ಅಕ್ಕಾರನ್ನ ಪಾಠ ಬಿಡಿಸಿ ಮನಿ ಮನಿ ಸರ್ವೇಕ್ಕ ಕಳಿಸಿದಾಂವ ಹೆಡ್ ಮಾಸ್ತರ, ನಾನ. ನಿಮ್ಮನ್ನೂ ಹಂಗ ಕಳಿಸಿದ್ದೆ. ನೀವೂ ಹುಡುಗರ ಮುಂದ ಸಾಹೇಬ್ರಿಂದ ಇದ ಮಾತು ಅನಿಸಿಕೊಂಡಿದ್ರಿ. ಆವತ್ತ ನಾ ಬಾಗಲದಾಗ ನಿಂತು ಹಾಜರಿ ಪುಸ್ತಕದ ಹಾಳಿ ತಿರುವಿದೆ.

ಅಕ್ಕಾರು ನನ್ನ ಕಡೆ ನೋಡಲಿಲ್ಲ. "ಸರ್, ಹುಡುಗರ ಮುಂದ ಬ್ಯಾಡ್ರಿ" ಅಂದ್ರು.

ನನ್ನ ಬಾಯಿಂದನೂ ಬಂತು: "ಸರ್ವೇಕ್ಕ ಕಳಿಸಿದಾಂವ ನಾನರಿ. ಆಫೀಸಿಗೆ ಹೋಗೂಣು ಬರ್ರಿ."

ಸಾಹೇಬ್ರು ಎದ್ದು ಬಂದ್ರು. ಚಾ ಕುಡದು ಹೋದ್ರು. ಅಷ್ಟ, ಮಾಸ್ತರ್ರ. ಮತ್ತೇನೂ ಆಗಲಿಲ್ಲ.

ಹೊಳ್ಳಿ ಬಂದು ನೋಡಿದ್ರ ಅಕ್ಕಾರು ಅದ ಕುರ್ಚಿ ಮ್ಯಾಲೆ ಕುಂತು ಪಾಠ ಓದಸಾಕತ್ತಿದ್ರು.

ನೀವು ಆ ಮಾತು ಅನಿಸಿಕೊಂಡ ದಿನದಿಂದ ನಿವೃತ್ತಿ ಆಗೂತನಕ, ಐದು ವರ್ಷ, ಮೊಣಕಾಲು ಬ್ಯಾನಿ ಇಟಗೊಂಡು ನಿಂತ ಕಲಿಸಿದ್ರಿ. ಕುರ್ಚಿ ಬಾಜೂಕ ಖಾಲಿ ಇರತಿತ್ತು. ದಿನಾ ನಾ ಆ ಬಾಗಲ ದಾಟಿ ಹೋಗತಿದ್ದೆ. "ಕುಂದರ್ರಿ ಮಾಸ್ತರ್ರ" ಅಂತ ಒಮ್ಮಿನೂ ಅನ್ನಲಿಲ್ಲ.

ಗೌರೀಶ