ಹೆಸರಿಡದ ಹಬ್ಬದೂಟ

ಭಾನುವಾರ, ತಾರೀಖು ೧೮
ಮನೆಯಿಂದ

ನನ್ನ ಪ್ರೀತಿಯ ಇನ್‌ಸ್ಪೆಕ್ಟರಮ್ಮ,

ನಾವಿಬ್ಬರೂ ಉಂಡುಕೊಂಡು, ಓಡಾಡಿಕೊಂಡು ಇದ್ದೇವೆ. ನೀನೂ ಹೊತ್ತು ಹೊತ್ತಿಗೆ ತಿನ್ನುತ್ತಿದ್ದೀಯ ಎಂದು ನಂಬಿದ್ದೇನೆ, ನಂಬದೆ ಬೇರೆ ದಾರಿಯಿಲ್ಲ. ಹಬ್ಬ ಮುಗಿದ ಮಾರನೆಯ ದಿನವೇ ಬರೆಯುತ್ತೇನೆ ಅಂದವಳು ಇಷ್ಟು ದಿನ ಸುಮ್ಮನಿದ್ದೆ, ಸಿಟ್ಟು ಮಾಡಿಕೊಳ್ಳಬೇಡ. ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನುತ್ತೀಯ. ಫೋನು ಇರುವುದು ಮುಂದಿನ ಕೋಣೆಯಲ್ಲಿ, ನಿಮ್ಮಪ್ಪ ಇರುವುದೂ ಮುಂದಿನ ಕೋಣೆಯಲ್ಲಿ. ಈಗ ಕ್ಷೌರಕ್ಕೆ ಹೋಗಿದ್ದಾರೆ, ಅದಕ್ಕೇ ಪೆನ್ನು ಹಿಡಿದೆ.

ಅಡುಗೆಮನೆಯ ನಲ್ಲಿ ಕೊನೆಗೂ ರಿಪೇರಿಯಾಯಿತು. ನಿಮ್ಮಕ್ಕ, ಭಾವ ಹೊಸ ಸೋಫಾ ತಂದರು, ಬಾಗಿಲಲ್ಲಿ ಹಿಡಿಸದೆ ಅರ್ಧ ದಿನ ಬೀದಿಯಲ್ಲೇ ಕೂತು ಬಂದವರಿಗೆಲ್ಲ ದರ್ಶನ ಕೊಟ್ಟಿತು. ಇಂಥ ಸುದ್ದಿ ಎಷ್ಟು ಬೇಕಾದರೂ ಬರೆಯುತ್ತೇನೆ. ಬರೆಯಬೇಕಾದದ್ದು ಮಾತ್ರ ಕೈಗೆ ಬರುತ್ತಿಲ್ಲ.

ನಿಮ್ಮಪ್ಪನ ಜ್ವರ ಇಳಿದಾಗ ಮೂಗು, ನಾಲಿಗೆ ಎರಡೂ ಹೋಗಿದ್ದವು, ನಿನಗೆ ಗೊತ್ತು. ಹೋಟೆಲಿನವರು ಅವರನ್ನು ಪಲ್ಯ ಮಾಡುವ ತರಕಾರಿ ಒಲೆಯಿಂದ ಬಿಡಿಸಿ ಸಿಪ್ಪೆ ಸುಲಿಯಲು ಕೂರಿಸಿದರು. ಅಷ್ಟು ವರ್ಷ ಅದೇ ಒಲೆಯ ಮುಂದೆ ನಿಂತವರು. ಆಗಲೂ ಅವರು ಧೈರ್ಯ ಬಿಟ್ಟಿರಲಿಲ್ಲ. "ಹಬ್ಬದ ಪಲ್ಯ ಎಲ್ಲಾ ನಾನೇ ಮಾಡ್ತೀನಿ. ನನ್ನ ನಾಲಿಗೆ ಹೋದ್ರೇನು, ಮನೆ ತುಂಬ ನಾಲಿಗೆ ಇದಾವಲ್ಲ! ನೀವು ತಪ್ಪು ಹೇಳಿ, ನಾನು ತಿದ್ಕೋತೀನಿ. ಮನೇಲಿ ಇದು ನಡೆದ್ರೆ ಹೋಟ್ಲಲ್ಲೂ ಯಾರದಾದ್ರೂ ನಾಲಿಗೆ ಕೇಳ್ಕೊಂಡು ಒಲೆ ಹತ್ರ ನಿಲ್ಲಬಹುದು," ಅಂದರು. ಅವರ ಮುಖದಲ್ಲಿ ಅಷ್ಟು ಗೆಲುವು ನೋಡಿ ಎಷ್ಟೋ ದಿನವಾಗಿತ್ತು.

ನಮ್ಮನೆ ಕಾನೂನು ನೀನು ಮರೆಯುವವಳಲ್ಲ. ಹಬ್ಬದ ದಿನ ಒಂದೊಂದು ಪಲ್ಯಕ್ಕೂ ಏನಾದರೂ ಹೆಸರಿಡದೆ ಎರಡನೆಯ ಸಲ ಬಡಿಸುವುದಿಲ್ಲ. "ಹೊಗಳೋದು ಹೊರಗಿನವ್ರ ಕೆಲಸ. ಮನೆಯವರು ಹೆಸರಿಡಬೇಕು," ಅನ್ನುತ್ತಿದ್ದರು ನಿಮ್ಮಪ್ಪ. ನೀನು ಚೋಟುದ್ದ ಇದ್ದಾಗ, ನೀರು ಬಿಟ್ಟುಕೊಂಡ ಹುರುಳಿಕಾಯಿ ನೋಡಿ "ಅಪ್ಪ, ಕಾಯಿ ಅಳ್ತಾ ಇದೆ" ಅಂದಿದ್ದೆ. ಅವತ್ತು ನಿನಗೆ ಇನ್‌ಸ್ಪೆಕ್ಟರ್ ಅಂತ ಹೆಸರು ಬಿತ್ತು. ಅವರು ಆ ಮಾತನ್ನು ಹೋಟೆಲಿನಲ್ಲೆಲ್ಲ ಹೇಳಿಕೊಂಡು ತಿರುಗಿದ್ದರು.

ಈ ಸಲ ನನಗೆ ಹೆದರಿಕೆಯಾಯಿತು. ಪಟ್ಟ ಪಾಡು ಸಾಲದೆ ಹಬ್ಬದ ದಿನವೂ ಬೈಸಿಕೊಳ್ಳಬೇಕೆ ಎಂದು ಅವರು ಮಾರ್ಕೆಟ್ಟಿಗೆ ಹೋದ ಹೊತ್ತು ನೋಡಿ ಎಲ್ಲರಿಗೂ ಫೋನು ಮಾಡಿದೆ. ಹೇಗೇ ಇರಲಿ, ಚೆನ್ನಾಗಿದೆ ಅಂದುಬಿಡಿ ಅಂದೆ. ಎಲ್ಲರೂ ಒಪ್ಪಿದರು. ನೀನೊಬ್ಬಳೇ "ಸುಳ್ಳು ಹೇಳಿದ್ರೆ ಅಪ್ಪನಿಗೆ ಗೊತ್ತಾಗಲ್ವೇನಮ್ಮ?" ಅಂದದ್ದು. "ನಿನ್ನ ಇನ್‌ಸ್ಪೆಕ್ಟರ್‌ಗಿರಿ ಆಸ್ಪತ್ರೆಯಲ್ಲಿಟ್ಕೋ" ಎಂದು ನಿನ್ನ ಬಾಯಿ ಮುಚ್ಚಿಸಿದೆ.

ಹಬ್ಬದ ದಿನ ಬೆಳಗಾಗುತ್ತಲೇ ಮೊದಲು ನಿನ್ನ ಪಾಲಿನ ಕ್ಯಾರೆಟ್ ಮಾಡಿದರು. ನಿನಗೆ ರಜೆ ಸಿಗಲಿಲ್ಲವೆಂದು ಅವರಿಗೆ ತುಂಬಾ ಬೇಜಾರಾಗಿತ್ತು. ನನ್ನನ್ನು ಅಡುಗೆಮನೆಯಿಂದ ಆಚೆ ಕಳಿಸಿ, ಒಬ್ಬರೇ ಮಾಡಿ, ಡಬ್ಬಿಗೆ ತುಂಬಿ, ಪಕ್ಕದ ಮನೆ ಡ್ರೈವರಣ್ಣನ ಬಸ್ಸಿನಲ್ಲಿ ಕಳಿಸಿದರು. ಆಮೇಲೆ ನನ್ನನ್ನು ಒಳಗೆ ಕರೆದು, "ಈಗ ನೀನೇ ನನ್ನ ಮೂಗು," ಅಂದರು.

ಕೆಲಸ ಮಾತ್ರ ನೋಡಬೇಕಿತ್ತು ನೀನು. ಹುರುಳಿಕಾಯಿ ಬೇಯಿಸಿ ತಣ್ಣೀರಿಗೆ ಹಾಕಿದರೆ ಗಿಡದಲ್ಲಿದ್ದಷ್ಟೇ ಹಸಿರು. ಬೀಟ್ರೂಟ್ ಸಿಪ್ಪೆ ಸಮೇತ ಬೇಯಿಸಿ, ಬಿಸಿಬಿಸಿಯಾಗಿ ಸುಲಿದು, ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ ನಿಂಬೆರಸ ಹಿಂಡಿದರು. ಕುಂಬಳಕಾಯಿ ಹೋಳುಗಳ ಅಂಚು ಕೆಂಪಾಗುವಷ್ಟೇ ಹುರಿದರು. ಬೆಳ್ಳುಳ್ಳಿ ಬಾಣಲೆಗೆ ಬಿದ್ದಾಗ, "ಬಂತಾ ವಾಸನೆ? ಈಗ ಬಂತಾ?" ಎಂದು ಕೇಳುತ್ತಲೇ ಇದ್ದರು. ನಾನು "ಬಂತು" ಅಂದಕೂಡಲೇ ಒಲೆ ಸಣ್ಣ ಮಾಡಿದರು. ನಮ್ಮ ಮದುವೆಯಾದ ಮೇಲೆ ಒಂದೇ ಒಲೆಯ ಮುಂದೆ ಇಬ್ಬರೂ ಜಗಳವಿಲ್ಲದೆ ನಿಂತದ್ದು ಅದೇ ಮೊದಲು. ನನಗೆ ಬಹಳ ಸುಖವಾಗಿತ್ತು ಕಣೇ.

ಕೆಟ್ಟದ್ದು ಉಪ್ಪಿನಲ್ಲಿ. ಅವರ ಕೈಗೆ ಗೊತ್ತಿರುವುದು ಹೋಟೆಲಿನ ದೊಡ್ಡ ಹಂಡೆಯ ಅಳತೆ. ಮನೆಯ ಪಾತ್ರೆಗೆ ಯಾವಾಗಲೂ ನಾಲಿಗೆಯನ್ನೇ ನಂಬಿದ್ದವರು. ಆ ದಿನ ನಾಲಿಗೆ ಇಲ್ಲ, ಕೈ ತನ್ನ ಹಳೇ ಪಾಠ ಒಪ್ಪಿಸಿತು. ಬಡಿಸುವ ಮೊದಲು ರುಚಿ ನೋಡಲು ನನ್ನನ್ನೂ ಬಿಡಲಿಲ್ಲ. "ತಟ್ಟೇಲೇ ಹೇಳು, ಎಲ್ಲರ ಜೊತೆ," ಅಂದರು. ಅವರು ಅಂಗಿ ಬದಲಿಸಲು ಹೋದಾಗ ಕದ್ದು ಬಾಯಿಗೆ ಹಾಕಿಕೊಂಡೆ. ಹುರುಳಿಕಾಯಿ ಉಪ್ಪೋ ಉಪ್ಪು.

ನಿನ್ನ ಟೇಲರ್ ಮಾವ ಗೊತ್ತಲ್ಲ, ಊರಿನವರೆಲ್ಲರ ಹೊಲಿಗೆಗೂ ಕೊಂಕು ತೆಗೆಯುವವನು. ಒಂದು ತುತ್ತು ಬಾಯಿಗಿಟ್ಟ, ಕಣ್ಣಲ್ಲಿ ನೀರು ಬಂತು, ನುಂಗಿ, "ಭಾವ, ಅದ್ಭುತ!" ಅಂದ. ನಿಮ್ಮಪ್ಪ ಸೌಟು ಹಿಡಿದು ಅವನ ಮುಖವನ್ನೇ ನೋಡುತ್ತಾ ನಿಂತರು. "ಹೆಸರಿಡು ಮಾರಾಯ, ಆಮೇಲೆ ಬಡಿಸ್ತೀನಿ." "ಇಡೋದಕ್ಕೇನಿದೆ ಭಾವ, ಎಲ್ಲಾ ಸರಿಯಾಗಿದೆ." ನಿಮ್ಮಕ್ಕನ ಕಡೆ ತಿರುಗಿದರು. "ಹೋದ ವರ್ಷಕ್ಕಿಂತ ಚೆನ್ನಾಗಿದೆ ಅಪ್ಪ." ನಿಮ್ಮ ಭಾವ ಒಳ್ಳೆಯವನು, ಪಾಪ, ಕೇಳದೆಯೇ ತಟ್ಟೆ ಮುಂದೆ ಹಿಡಿದ. ನನ್ನ ಸರದಿ ಬಂದಾಗ ನಾನೂ ಬಾಯಿಪಾಠ ಒಪ್ಪಿಸಿದೆ. ನೀರಿನ ಜಗ್ಗು ಖಾಲಿಯಾಯಿತು, ತುಂಬಿಸಿ ತಂದೆ, ಅದೂ ಖಾಲಿಯಾಯಿತು. ಅವರು ಜಗ್ಗನ್ನೇ ನೋಡುತ್ತಿದ್ದರು.

ಬೈಯಲಿಲ್ಲ, ಕೂಗಲಿಲ್ಲ. "ಆಯ್ತು" ಎಂದು ಎಲ್ಲರಿಗೂ ಬಡಿಸಿದರು. ಕಾನೂನು ಮುರಿದು ಬಡಿಸಿದರು.

ಆಮೇಲೆ ಸಂಜೆಯವರೆಗೂ ಫೋನಿನ ಪಕ್ಕದಲ್ಲೇ ಕೂತಿದ್ದರು. ನೀನು ಮಾಡಿದಾಗ ಮೊದಲ ಗಂಟೆಗೇ ಎತ್ತಿಕೊಂಡರು. "ಹೇಳು ಇನ್‌ಸ್ಪೆಕ್ಟರ್, ಕ್ಯಾರೆಟ್ ಹೇಗಿತ್ತು?" ಅಂದರು. ನೀನು ಏನು ಹೇಳಿದೆಯೋ ನನಗೆ ಕೇಳಿಸಲಿಲ್ಲ. ಅವರ ಮಾತಷ್ಟೇ ಕೇಳಿಸಿತು. "ಹೌದಾ? ಒಂದು ತಪ್ಪೂ ಇಲ್ವಾ? ಒಳ್ಳೇದಮ್ಮ ಮಗಳೇ." ಹುಟ್ಟಿಸಿದವರು ಮಗಳೇ ಎಂದರೆ ಯಾರಿಗೆ ತಾನೇ ಅನುಮಾನ ಬರುತ್ತದೆ? ನನಗೆ ಮಾತ್ರ ಬಂತು, ನೀನು ಇನ್‌ಸ್ಪೆಕ್ಟರ್ ಹೋಗಿ ಬರೀ ಮಗಳಾಗಿದ್ದೆ.

ಮರುದಿನ ಹೋಟೆಲಿಗೆ ಹೋಗಿ ಕೆಲಸ ಬಿಟ್ಟು ಬಂದರು. ಕತ್ತಿಗಳನ್ನೆಲ್ಲ ಸಾಣೆ ಹಿಡಿಸಿ, ಬಟ್ಟೆಯಲ್ಲಿ ಸುತ್ತಿ, ಈಗ ತರಕಾರಿ ಒಲೆಗೆ ಬಂದಿರುವವನಿಗೆ ಕೊಟ್ಟರು. ನಾನು ಅತ್ತೆ, ರಂಪ ಮಾಡಿದೆ, ನಿಜ ಹೇಳಿ ಕಾಲು ಹಿಡಿದೆ. "ಗೊತ್ತು ಬಿಡೇ" ಅಂದರು, ಅಷ್ಟೇ. ಡಾಕ್ಟರೂ ನಾಲಿಗೆ ಇನ್ನು ಬರುವ ಮಾತಿಲ್ಲ ಎಂದು ಕೈ ಚೆಲ್ಲಿದ್ದಾರೆ. ಈಗ ಅಡುಗೆಮನೆಗೆ ಕಾಲಿಡುವುದಿಲ್ಲ. ನಾನು ಬಡಿಸಿದ್ದನ್ನು ತಿಂದು "ಚೆನ್ನಾಗಿದೆ" ಅನ್ನುತ್ತಾರೆ. ನನ್ನ ಸಂಸಾರದಲ್ಲಿ ಒಂದು ದಿನವೂ ಕೇಳದ ಮಾತು ಈಗ ದಿನಾ ಎರಡು ಹೊತ್ತು ಕೇಳುತ್ತಿದ್ದೇನೆ. ನಿನ್ನೆ ಬೇಕೆಂದೇ ಬಟಾಣಿ ಸೀಯಿಸಿ ಬಡಿಸಿದೆ. ಅದಕ್ಕೂ ಚೆನ್ನಾಗಿದೆ ಅಂದರು. ಸೀದ ಕರಿ ಕಣ್ಣಿಗೆ ಕಾಣುತ್ತಿತ್ತಲ್ಲ, ಆದರೂ ಅಂದರು.

ನೀನು ಸುಖವಾಗಿರು. ಒಳ್ಳೆಯ ಹುಡುಗಿ, ರೋಗಿಗಳು ನಿನ್ನ ಕೈಯಲ್ಲಿ ವಾಸಿಯಾಗಲಿ. ರಾತ್ರಿ ಪಾಳಿ ಇದ್ದಾಗ ಖಾಲಿ ಹೊಟ್ಟೆಯಲ್ಲಿ ಕಾಫಿ ಕುಡಿಯಬೇಡ. ಮುಂದಿನ ಹಬ್ಬಕ್ಕೆ ಬಾ ಎಂದು ಬರೆಯಲು ಹೋದೆ, ಕೈ ನಿಂತಿತು. ಹಬ್ಬ ಇಲ್ಲದಿದ್ದರೂ ಬಾ.

ನಿನ್ನ
ಅಮ್ಮ

ಮತ್ತೆ: ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಡ್ರೈವರಣ್ಣ ಮೊನ್ನೆ ನಿನ್ನ ಡಬ್ಬಿ ವಾಪಸು ತಂದುಕೊಟ್ಟ. ನಾನು ತೊಳೆಯುತ್ತಿದ್ದಾಗ ನಿಮ್ಮಪ್ಪ ಬಾಗಿಲಲ್ಲಿ ಬಂದು ನಿಂತರು. "ಆ ಕ್ಯಾರೆಟ್‌ಗೆ ನಾನು ಉಪ್ಪೇ ಹಾಕಿರ್ಲಿಲ್ಲ ಕಣೇ," ಅಂದರು. "ಬೇಕಂತಲೇ. ನನಗೆ ನಾಲಿಗೆ ಇಲ್ದಿದ್ರೂ ಖಂಡಿತ ಗೊತ್ತಿದ್ದ ತಪ್ಪು ಅದೊಂದೇ. ಇವರೆಲ್ಲ ನನ್ನ ಮುಖ ನೋಡಿ ಮಾತಾಡ್ತಾರೆ ಅಂತ ಮೊದಲೇ ಗೊತ್ತಿತ್ತು. ಅವಳೊಬ್ಬಳು ಬೈತಾಳೆ ಅಂತ ಕಾದಿದ್ದೆ. ಅವಳಿಗೆ ಹೇಳ್ಬೇಡ, ನೊಂದ್ಕೋತಾಳೆ."