ಸತ್ತಿಯ ಹೊಲದ ಬಿಳಿ ಚಕ್ಕೆ

ಸುಹಾಸಣ್ಣ,

ಯಾವ ಶ್ರೀಗಂಧದ ಮರ ಕದಿಯಲು ಬಂದ ಕಳ್ಳರು ಅಡ್ಡ ನಿಂತ ನಿನ್ನ ತಲೆ ಒಡೆದು ಕೊಂದು ಓಡಿದರೋ, ಸತ್ತಿ ಊರಿನ ನಮ್ಮ ಹೊಲದ ಆ ಮರವನ್ನು ಇವತ್ತು ನಾನೇ ಕಡಿದು ಕೆಡವಿದೆ. "ಬ್ಯಾಡ ಬೇ ಜಿನಮತಿ, ನಿಮ್ಮಣ್ಣ ಹಚ್ಚಿದ ಗಿಡ!" ಎಂದು ಅಡ್ಡ ಬಂದ ಅವ್ವನನ್ನು ನೂಕಿಬಿಟ್ಟೆ. ಸಿಟ್ಟು ತೀರದೆ ಬೊಡ್ಡೆಯನ್ನೂ ಸೀಳಿದೆ.

ಒಳಗೆಲ್ಲ ಬರೀ ಬಿಳಿ, ಒಂದಿಷ್ಟೂ ಘಮವಿಲ್ಲ. ಮರಕ್ಕೆ ವಯಸ್ಸಾಗಿ ನಡುವೆ ಕಂದು ಚೇಗು, ಅಂದರೆ ಗಟ್ಟಿ ತಿರುಳು, ಕಟ್ಟುವಾಗ ಮಾತ್ರ ಒಂದು ಕಿಣ್ವ ಎಣ್ಣೆಯ ಮೂಲವಸ್ತು ಮಾಡುತ್ತದೆ, ಇನ್ನೊಂದು ಅದನ್ನು ಪರಿಮಳವಾಗಿಸುತ್ತದೆ. ಪ್ರಯೋಗಾಲಯದಲ್ಲಿ ನಾನು ದಿನಾ ನೋಡುವುದು ಇದನ್ನೇ. ಈ ಮರದಲ್ಲಿ ಆ ಕೆಲಸ ಇನ್ನೂ ಶುರುವೇ ಆಗಿರಲಿಲ್ಲ. ಆ ಹಲ್ಕಟ್ ಮಂದಿ ನಿನ್ನನ್ನು ಕೊಂದದ್ದು ಬರೀ ಸೌದೆಗೆ.

ಅವ್ವ ಎದ್ದು ಬಂದು ಒಂದು ಚಕ್ಕೆ ಮೂಸಿದಳು. "ಎಷ್ಟ ಘಮ್ ಅನ್ನಾಕತ್ತೈತಿ ನೋಡ ಬೇ," ಅಂದಳು.

"ಹೌದವ್ವಾ," ಅಂದೆ.